ಪಕ್ಕದ ದೇಶ ನೋಡಿ ಆದಿವಾಸಿ ಕಾನೂನು ಮಾಡ್ತಾರಾ?

ಪ್ರಶ್ನೆ: ಸರ್, ನಮ್ಮದು ಸಿರುಗುಪ್ಪ ತಾಲೂಕು, ವಾಲ್ಮೀಕಿ ನಾಯಕರು. ಅಮ್ಮನ ತವರು ಆದೋನಿ ಹತ್ತಿರ. ನಮಗೆ ಇಲ್ಲಿ ಎಸ್‌ಟಿ ಸರ್ಟಿಫಿಕೇಟ್ ಇದೆ, ಅಲ್ಲಿ ಸೋದರಮಾವನ ಮಕ್ಕಳು ಬಿಸಿ, ಅಂದರೆ ಹಿಂದುಳಿದ ವರ್ಗ. ಕೆಎಎಸ್‌ಗೆ ಓದುವಾಗ ಒಂದು ಡೌಟ್ ಬಂತು. ಒಂದು ದೇಶ ತನ್ನ ಆದಿವಾಸಿಗಳಿಗೆ ಮಾಡುವ ಕಾನೂನಿನ ಮೇಲೆ ಪಕ್ಕದ ದೇಶದ ಪ್ರಭಾವ ಇರುತ್ತದಾ? ಇದ್ದರೆ ನೇಪಾಳ ಒಪ್ಪಿಕೊಂಡ ಆದಿವಾಸಿ ಒಪ್ಪಂದವನ್ನು ಭಾರತ ಯಾಕೆ ಒಪ್ಪಿಲ್ಲ? ನಮ್ಮ ಎರಡು ರಾಜ್ಯಗಳೇ ಒಬ್ಬರನ್ನು ನೋಡಿ ಒಬ್ಬರು ಕಲಿಯಲಿಲ್ಲ, ದೇಶಗಳು ಕಲಿಯುತ್ತವಾ?

ಉತ್ತರ: ಪ್ರಭಾವ ಇರುತ್ತದೆ, ಜಾಸ್ತಿನೇ ಇರುತ್ತದೆ. ಆದರೆ ‘ಪಕ್ಕದವರು ಒಳ್ಳೇದು ಮಾಡಿದರು, ನಾವೂ ಮಾಡೋಣ’ ಅಂತ ಯಾವ ಸರ್ಕಾರವೂ ತಾನಾಗಿ ಎದ್ದದ್ದು ನನ್ನ ಓದಿನಲ್ಲಿ ಸಿಕ್ಕಿಲ್ಲ. ಈ ವಿಷಯವನ್ನು ಬಹಳ ಕಾಲದಿಂದ ಪಾಠ ಮಾಡುತ್ತಾ ಬಂದವನಿಗೆ ಕಾಣುವುದು ಇಷ್ಟು. ಜನರ ಮೇಲೆ ಹಿಡಿತ ಬಿಗಿ ಮಾಡುವ ಕಾನೂನು ಒಂದು ಸರ್ಕಾರದಿಂದ ಇನ್ನೊಂದಕ್ಕೆ ಬೇಗ ದಾಟುತ್ತದೆ. ಅದಕ್ಕೆ ಒಬ್ಬ ಅಧಿಕಾರಿ, ಒಂದು ಪ್ರವಾಸ, ಒಂದು ವರದಿ ಸಾಕು. ಹಕ್ಕು ಕೊಡುವ ಕಾನೂನನ್ನು ಮಾತ್ರ ಗಡಿಯ ಎರಡೂ ಕಡೆ ಇರುವ ಆ ಜನರೇ ಹೊತ್ತುಕೊಂಡು ದಾಟಿಸಬೇಕು. ಅದೂ ಭೂಮಿಯ ಮಾತು ಬಂದ ಕೂಡಲೇ ಅಲ್ಲೇ ನಿಂತುಬಿಡುತ್ತದೆ.

ಮೊದಲು ನಿಮ್ಮ ಮನೆಯ ವಿಷಯವನ್ನೇ ನೋಡೋಣ, ಯಾಕೆಂದರೆ ಬೇರೆ ಉದಾಹರಣೆಗಳಿಗಿಂತ ಅದು ಚೆನ್ನಾಗಿದೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಸಿರುಗುಪ್ಪ ಎರಡೂ ಒಂದೇ ಜಿಲ್ಲೆ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆಂಧ್ರ ರಾಜ್ಯ ಮಾಡುವಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆ ಕಡೆ ಕೊಟ್ಟರು, ಉಳಿದದ್ದು ಮೈಸೂರಿಗೆ ಬಂತು. ಅಂದರೆ ನಿಮ್ಮ ಅಜ್ಜ ಇನ್ನೊಂದು ರಾಜ್ಯದಿಂದ ಹೆಣ್ಣು ತಂದವರಲ್ಲ, ಗಡಿಯೇ ಬಂದು ಇಬ್ಬರು ಬೀಗರ ನಡುವೆ ನಿಂತಿತು. ಎಸ್‌ಟಿ ಪಟ್ಟಿ ಸಂವಿಧಾನದ 342ನೇ ವಿಧಿಯ ಪ್ರಕಾರ ಒಂದೊಂದು ರಾಜ್ಯಕ್ಕೆ ಒಂದೊಂದು. 1991ರಲ್ಲಿ ಸಂಸತ್ತು ಕರ್ನಾಟಕದ ಪಟ್ಟಿಯ ನಾಯಕ ಅನ್ನೋ ನಮೂದಿಗೆ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳನ್ನೂ ಸೇರಿಸಿತು. ಆಂಧ್ರದ ಪಟ್ಟಿಯಲ್ಲೂ ವಾಲ್ಮೀಕಿ ಹೆಸರಿದೆ, ಆದರೆ ಕರಾವಳಿ ಜಿಲ್ಲೆಗಳ ಏಜೆನ್ಸಿ, ಅಂದರೆ ಬುಡಕಟ್ಟು ಗುಡ್ಡಗಾಡು ಪ್ರದೇಶದವರಿಗೆ ಮಾತ್ರ. ಕರ್ನೂಲು, ಅನಂತಪುರದ ಬೋಯರು, ಅಂದರೆ ನಿಮ್ಮ ಮಾವನ ಕಡೆಯ ವಾಲ್ಮೀಕಿಗಳು, ಅದರ ಹೊರಗೆ ಉಳಿದರು.

ಉಳಿದವರು ಸುಮ್ನೆ ಕೂತರಾ? ಇಲ್ಲ. ‘ಗಡಿ ದಾಟಿದರೆ ನಮ್ಮ ಬೀಗರೇ ಎಸ್‌ಟಿ, ನಾವು ಮಾತ್ರ ಯಾಕಲ್ಲ’ ಅಂತ ದಶಕಗಳಿಂದ ಕೇಳುತ್ತಲೇ ಇದ್ದಾರೆ. ಆಂಧ್ರ ವಿಧಾನಸಭೆ 2017ರಲ್ಲಿ ಒಮ್ಮೆ, 2023ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಅವರನ್ನು ಎಸ್‌ಟಿಗೆ ಸೇರಿಸಿ ಅಂತ ನಿರ್ಣಯ ಮಾಡಿತು. ಹಾಗಾಗಿ ನಮ್ಮ ಎರಡು ರಾಜ್ಯ ಒಬ್ಬರನ್ನು ನೋಡಿ ಒಬ್ಬರು ಕಲಿಯಲಿಲ್ಲ ಅನ್ನೋ ನಿಮ್ಮ ಮಾತು ಪೂರ್ತಿ ಸರಿ ಅಲ್ಲ. ಆ ಕಡೆಯವರು ನೋಡಿದರು, ಕೇಳಿದರು, ಅವರ ಸದನವೂ ಒಪ್ಪಿತು. ಆದರೆ ರಾಜ್ಯ ಶಿಫಾರಸು ಮಾಡಬಹುದು ಅಷ್ಟೇ. ಆಮೇಲೆ ಜನಗಣತಿ ನೋಡಿಕೊಳ್ಳುವ ರಿಜಿಸ್ಟ್ರಾರ್ ಜನರಲ್ ಒಪ್ಪಬೇಕು, ಎಸ್‌ಟಿ ಆಯೋಗ ಒಪ್ಪಬೇಕು, ಕೊನೆಗೆ ಸಂಸತ್ತು ಕಾನೂನು ಮಾಡಬೇಕು. ಜೊತೆಗೆ ಏಜೆನ್ಸಿ ಪ್ರದೇಶದ ಈಗಿನ ಎಸ್‌ಟಿಗಳೇ ವಿರೋಧ ಮಾಡುತ್ತಾರೆ, ನಮ್ಮ ಪಾಲು ಕಡಿಮೆ ಆಗುತ್ತದೆ ಅಂತ. ಅವರ ಭಯಕ್ಕೂ ಕಾರಣ ಇದೆ, ಅದನ್ನು ತಳ್ಳಿಹಾಕಬೇಡಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇದು ಪರೀಕ್ಷೆಗಲ್ಲ, ಮನೆಗೆ. ಸೋದರಮಾವನ ಮಗ ನಾಳೆ ಬಂದು ಸಿರುಗುಪ್ಪದಲ್ಲಿ ಮನೆ ಮಾಡಿದರೆ ಇಲ್ಲಿಯ ಎಸ್‌ಟಿ ಸರ್ಟಿಫಿಕೇಟ್ ಸಿಗುವುದಿಲ್ಲ. ಒಂದು ರಾಜ್ಯದ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಹೋದರೆ ಜೊತೆಗೆ ಬರುವುದಿಲ್ಲ ಅಂತ 1990ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಾವನ ಮಗಳನ್ನು ಈ ಕಡೆ ತಂದುಕೊಂಡರೂ ಮದುವೆಯಿಂದ ಆಕೆ ಎಸ್‌ಟಿ ಆಗುವುದಿಲ್ಲ. ಹುಟ್ಟಿದ ಮಕ್ಕಳಿಗೆ ತಂದೆಯ ದಾಖಲೆ ಮೇಲೆ ಸಿಗುತ್ತದೆ. ನಾಡಕಚೇರಿಯಲ್ಲಿ ತಂದೆಯ ಶಾಲಾ ದಾಖಲಾತಿ ಕೇಳುವುದು, ಊರಿಗೆ ಬಂದು ಮಹಜರು ಮಾಡುವುದು ಇದಕ್ಕೇ.

ಲಂಬಾಣಿಗರದ್ದು ಇನ್ನೂ ವಿಚಿತ್ರ. ಇಲ್ಲಿ ಎಸ್‌ಸಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಎಸ್‌ಟಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೇ ಭಾಷೆ, ಅದೇ ಸೇವಾಲಾಲ್ ಮಹಾರಾಜರು. 1976ರಲ್ಲಿ ತೆಲಂಗಾಣ ಭಾಗದ ಲಂಬಾಡರಿಗೆ ಎಸ್‌ಟಿ ಸಿಕ್ಕ ಮೇಲೆ ಮಹಾರಾಷ್ಟ್ರದಿಂದ ಎಷ್ಟೋ ಕುಟುಂಬಗಳು ಆದಿಲಾಬಾದ್ ಕಡೆ ಬಂದು ನೆಲೆಸಿದವು. ಅಲ್ಲಿದ್ದ ಗೋಂಡರಿಗೂ ಅವರಿಗೂ ಅವತ್ತು ಶುರುವಾದ ತಿಕ್ಕಾಟ ಇವತ್ತಿಗೂ ಮುಗಿದಿಲ್ಲ. ಪಕ್ಕದವರ ಕಾನೂನು ನಮ್ಮ ಮೇಲೆ ಪರಿಣಾಮ ಮಾಡಲು ನಾವು ಅದನ್ನು ಕಾಪಿ ಹೊಡೆಯಲೇಬೇಕು ಅಂತಿಲ್ಲ. ಜನ ಅದನ್ನು ನೋಡಿ ಎದ್ದು ನಡೆದರೂ ಸಾಕು.

ಇನ್ನು ಹಿಡಿತದ ಕಾನೂನು ಹೇಗೆ ದಾಟುತ್ತದೆ ಅನ್ನೋದಕ್ಕೂ ಇಲ್ಲೇ ಉದಾಹರಣೆ ಇದೆ. ಬ್ರಿಟಿಷರು 1871ರಲ್ಲಿ ಉತ್ತರ ಭಾರತದಲ್ಲಿ ಅಪರಾಧಿ ಬುಡಕಟ್ಟು ಕಾಯ್ದೆ ತಂದರು. ಹುಟ್ಟಿದ ಕೂಸೇ ಕಳ್ಳ ಅನ್ನೋ ಲೆಕ್ಕ. 1911ರ ಕಾಯ್ದೆಯಿಂದ ಅದು ಮದ್ರಾಸಿಗೂ, ಅಂದರೆ ನಮ್ಮ ಬಳ್ಳಾರಿಗೂ ಬಂತು. ಮೈಸೂರು ಸಂಸ್ಥಾನವೂ ಅಂಥದೇ ನಿಯಮ ಮಾಡಿಕೊಂಡಿತು. ಕಾರಣ ಸರಳ. ಒಂದು ಕಡೆ ಪೊಲೀಸರು ಅಟ್ಟಿದರೆ ಜನ ಗಡಿ ದಾಟುತ್ತಾರೆ, ದಾಟಿದವರು ನಮ್ಮ ತಲೆನೋವು ಆಗಬಾರದು ಅಂತ ಈ ಕಡೆಯ ದಿವಾನರೂ ಅದೇ ರಿಜಿಸ್ಟರ್ ತೆರೆಯುತ್ತಾರೆ. ಇದು ದೇಶಾದ್ಯಂತ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ.

ಈಗ ದೇಶಗಳಿಗೆ ಬರೋಣ. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಕಥೆ ಅಮೆರಿಕ ಮತ್ತು ಕೆನಡಾದ್ದು.

1879ರ ಚಳಿಗಾಲ. ಕೆನಡಾದ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಸರ್ಕಾರಕ್ಕೆ ಪಶ್ಚಿಮದ ಬಯಲುಸೀಮೆಯ ಆದಿವಾಸಿಗಳನ್ನು ಏನು ಮಾಡುವುದು ಅನ್ನೋ ಚಿಂತೆ. ಕಾಡೆಮ್ಮೆ ಹಿಂಡುಗಳು ಮುಗಿಯುತ್ತಾ ಬಂದಿದ್ದವು, ಜನ ಹಸಿದಿದ್ದರು, ರೈಲು ಹಾಕಬೇಕಿತ್ತು. ಆಗ ನಿಕೋಲಸ್ ಫ್ಲಡ್ ಡೇವಿನ್ ಅನ್ನೋ ಪತ್ರಕರ್ತ, ವಕೀಲನನ್ನು ಕರೆದು ಅಮೆರಿಕದವರು ಏನು ಮಾಡುತ್ತಿದ್ದಾರೆ ನೋಡಿಕೊಂಡು ಬಾ ಅಂತ ಕಳಿಸಿದರು. ಅವನು ವಾಷಿಂಗ್ಟನ್‌ಗೆ ಹೋದ, ಒಳಾಡಳಿತ ಕಾರ್ಯದರ್ಶಿ ಕಾರ್ಲ್ ಶುರ್ಜ್‌ನನ್ನು ಕಂಡ, ಮಿನ್ನೆಸೋಟದ ವೈಟ್ ಅರ್ತ್‌ನಲ್ಲಿ ಶಾಲೆ ನೋಡಿದ. ಜನವರಿ ಕೊನೆಗೆ ನೇಮಕ, ಮಾರ್ಚ್ 14ಕ್ಕೆ ವರದಿ ತಯಾರು. ಒಂದು ಜನಾಂಗದ ಮುಂದಿನ ನೂರು ವರ್ಷದ ಹಣೆಬರಹ ಎರಡು ತಿಂಗಳೊಳಗೆ! ನಮ್ಮಲ್ಲಿ ಒಂದು ಪೋಡಿ ಆಗಬೇಕಾದರೂ ಅದಕ್ಕಿಂತ ಜಾಸ್ತಿ ದಿನ ಬೇಕು.

ವರದಿಯ ಸಾರ ಇಷ್ಟು. ಹಗಲು ಶಾಲೆ ಪ್ರಯೋಜನ ಇಲ್ಲ, ಮಗು ಸಂಜೆ ಗುಡಿಸಲಿಗೆ ಹೋದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ದೂರದ ವಸತಿ ಶಾಲೆಯಲ್ಲಿ ಇಡಬೇಕು, ಕೈಕಸುಬು ಕಲಿಸಬೇಕು, ನಡೆಸುವುದನ್ನು ಚರ್ಚುಗಳಿಗೆ ವಹಿಸಬೇಕು, ಹಾಗಾದರೆ ಖರ್ಚೂ ಕಡಿಮೆ. 1883ರಿಂದ ಅಂಥ ಶಾಲೆಗಳು ಶುರುವಾದವು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಸುಮಾರು 1,50,000 ಮಕ್ಕಳು ಆ ಶಾಲೆಗಳಲ್ಲಿ ಕಳೆದರು. ಮಾತೃಭಾಷೆ ಆಡಿದರೆ ಶಿಕ್ಷೆ, ಕೂದಲು ಕತ್ತರಿಸುವುದು, ಕ್ಷಯರೋಗ. ಅಲ್ಲಿ ಸತ್ತ ಮಕ್ಕಳು ದಾಖಲಾದವರೇ 4,000ಕ್ಕೂ ಹೆಚ್ಚು. ಇಷ್ಟಕ್ಕೆ ಬೇಕಾಗಿದ್ದದ್ದು ಒಂದು ಗಡಿ ದಾಟಿದ ವರದಿ.

ಈ ಕಥೆಗೆ ಇನ್ನೊಂದು ಅರ್ಧ ಇದೆ, ಪಠ್ಯಪುಸ್ತಕಗಳಲ್ಲಿ ಅದು ಸಿಗುವುದು ಕಡಿಮೆ. ಕೆನಡಾದಲ್ಲಿ ಆ ಶಾಲೆಗಳಲ್ಲಿ ಬದುಕಿ ಉಳಿದವರು ಕೋರ್ಟಿಗೆ ಹೋದರು. ಸಾವಿರಾರು ಕೇಸು. ಆ ಒತ್ತಡಕ್ಕೆ ಸರ್ಕಾರ ರಾಜಿಗೆ ಬಂತು, 2008ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿತು, ಸತ್ಯ ಮತ್ತು ಸಂಧಾನ ಆಯೋಗ ಕೂತು 2015ರಲ್ಲಿ ವರದಿ ಕೊಟ್ಟಿತು. ಇದೆಲ್ಲ ನಡೆಯುವಾಗ ಅಮೆರಿಕ, ಅಂದರೆ ಈ ಐಡಿಯಾ ಕೊಟ್ಟ ದೇಶ, ತನ್ನ ಶಾಲೆಗಳ ಲೆಕ್ಕವನ್ನೇ ತೆಗೆದಿರಲಿಲ್ಲ. 2021ರ ಮೇ ತಿಂಗಳಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್‌ನ ಹಳೇ ಶಾಲೆಯ ಅಂಗಳದಲ್ಲಿ, ನೆಲದೊಳಗೆ ನೋಡುವ ರೇಡಾರ್ ಸುಮಾರು 200 ಕಡೆ ಮಕ್ಕಳ ಸಮಾಧಿ ಇರಬಹುದಾದ ಗುರುತು ತೋರಿಸಿತು. ಮುಂದಿನ ತಿಂಗಳೇ ಅಮೆರಿಕದಲ್ಲಿ ಡೆಬ್ ಹಾಲೆಂಡ್ ತನಿಖೆ ಘೋಷಿಸಿದರು. ಆಕೆ ಅಲ್ಲಿಯ ಕೇಂದ್ರ ಸಂಪುಟಕ್ಕೆ ಬಂದ ಮೊದಲ ಆದಿವಾಸಿ, ಲಗೂನ ಪ್ಯುಯೆಬ್ಲೊ ಜನರ ಮಗಳು. ಆಕೆ ಕೂತಿದ್ದು ಕಾರ್ಲ್ ಶುರ್ಜ್ ಕೂತಿದ್ದ ಅದೇ ಹುದ್ದೆಯಲ್ಲಿ. 2022ರ ವರದಿಯಲ್ಲಿ 408 ಸರ್ಕಾರಿ ವಸತಿ ಶಾಲೆಗಳ ಪಟ್ಟಿ ಹೊರಬಂತು. 2024ರ ಅಕ್ಟೋಬರ್ 25ಕ್ಕೆ ಅಧ್ಯಕ್ಷ ಬೈಡನ್ ಅರಿಜೋನಾದ ಗಿಲಾ ರಿವರ್‌ನಲ್ಲಿ ನಿಂತು ಕ್ಷಮೆ ಕೇಳಿದರು. ಕೆಟ್ಟದ್ದು ಈ ಕಡೆಯಿಂದ ಆ ಕಡೆಗೆ ಹೋಗಲು ಎರಡು ತಿಂಗಳು ಹಿಡಿಯಿತು. ಪಶ್ಚಾತ್ತಾಪ ಆ ಕಡೆಯಿಂದ ಈ ಕಡೆಗೆ ಬರಲು 140 ವರ್ಷ ದಾಟಿತು.

ಅಮೆರಿಕದ ಕೈ ಪಕ್ಕದ ದೇಶಕ್ಕೆ ನಿಲ್ಲಲಿಲ್ಲ. 1871ರಲ್ಲಿ ಅಲ್ಲಿಯ ಕೃಷಿ ಇಲಾಖೆಯ ಮುಖ್ಯಸ್ಥ ಹೊರೇಸ್ ಕ್ಯಾಪ್ರನ್ ಜಪಾನಿಗೆ ಸಲಹೆಗಾರನಾಗಿ ಹೋದ, ಹೊಕ್ಕೈಡೋ ದ್ವೀಪವನ್ನು ಅಭಿವೃದ್ಧಿ ಮಾಡಲು. ಅಲ್ಲಿ ಐನು ಜನ ಇದ್ದರು. ಅವರಿಗೆ ತುಂಡು ಭೂಮಿ ಕೊಟ್ಟು ಬೇಸಾಯಗಾರರನ್ನಾಗಿ ಮಾಡುವ 1899ರ ಜಪಾನಿ ಕಾಯ್ದೆಯನ್ನೂ ಆದಿವಾಸಿಗಳ ಭೂಮಿಯನ್ನು ತುಂಡು ಮಾಡಿ ಹಂಚಿದ ಅಮೆರಿಕದ 1887ರ ಡಾಸ್ ಕಾಯ್ದೆಯನ್ನೂ ಪಕ್ಕಪಕ್ಕ ಇಟ್ಟು ಓದಿ, ಯೋಚನೆ ಎಷ್ಟು ಹತ್ತಿರ ಇದೆ ಅಂತ ತಿಳಿಯುತ್ತದೆ.

ಈಗ ಇದಕ್ಕೆ ಉಲ್ಟಾ, ಹಕ್ಕು ದಾಟಿದ ಉದಾಹರಣೆ. ಯುರೋಪಿನ ಉತ್ತರ ತುದಿಯಲ್ಲಿ ಸಾಮಿ ಜನ ಇದ್ದಾರೆ, ಹಿಮಸಾರಂಗ ಸಾಕುವವರು, ಮೀನು ಹಿಡಿಯುವವರು. ಅವರ ನಾಡು ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ಅಂತ ನಾಲ್ಕು ಹೋಳಾಗಿದೆ. 1751ರಲ್ಲಿ ಡೆನ್ಮಾರ್ಕ್-ನಾರ್ವೆ ಮತ್ತು ಸ್ವೀಡನ್ ಗಡಿ ಹಾಕುವಾಗ ಒಪ್ಪಂದಕ್ಕೆ ಒಂದು ಅನುಬಂಧ ಸೇರಿಸಿ, ಸಾಮಿಗಳು ಸಾರಂಗ ಹೊಡಕೊಂಡು ಗಡಿ ದಾಟಬಹುದು ಅಂದಿದ್ದರು. ಆ ಕಾಲಕ್ಕೆ ದೊಡ್ಡ ಮಾತು. ಆದರೆ ನೂರು ವರ್ಷದ ನಂತರ, 1852ರಲ್ಲಿ, ಫಿನ್ಲೆಂಡನ್ನು ಆಳುತ್ತಿದ್ದ ರಷ್ಯಾ ನಾರ್ವೆ ಕಡೆಯ ಗಡಿ ಮುಚ್ಚಿತು. ಚಳಿಗಾಲದ ಮೇವು ಒಂದು ಕಡೆ, ಬೇಸಿಗೆಯ ಮೇವು ಒಂದು ಕಡೆ. ನಮ್ಮ ಕುರಿಗಾರರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ, ಅಲ್ವಾ.

ಸಾಮಿಗಳು ಮಾಡಿದ ಜಾಣತನ ಏನೆಂದರೆ ಸರ್ಕಾರಗಳಿಗೆ ಕಾಯದೆ ತಾವೇ ಗಡಿ ದಾಟಿ ಒಂದಾದರು. 1956ರಲ್ಲೇ ಮೂರು ದೇಶದ ಸಾಮಿಗಳ ಜಂಟಿ ಪರಿಷತ್ತು ಆಯಿತು. ಅಲ್ಲಿಂದ ಮುಂದೆ ಒಂದು ದೇಶದಲ್ಲಿ ಏನು ಸಿಕ್ಕರೂ ಪಕ್ಕದ ದೇಶದಲ್ಲಿ ಅದನ್ನೇ ತೋರಿಸಿ ಕೇಳುವವರು ಇದ್ದರು. ಮೊದಲು ಫಿನ್ಲೆಂಡ್ 1973ರಲ್ಲಿ ಒಂದು ಚುನಾಯಿತ ಸಾಮಿ ಮಂಡಳಿ ಮಾಡಿತು, ಹೆಚ್ಚು ಅಧಿಕಾರ ಇರಲಿಲ್ಲ. ನಾರ್ವೆಯಲ್ಲಿ ಆಲ್ಟಾ ನದಿಗೆ ಅಣೆಕಟ್ಟು ಕಟ್ಟುವ ಜಗಳ ಬಂತು. 1979ರಲ್ಲಿ ಓಸ್ಲೋದ ಸಂಸತ್ತಿನ ಎದುರು ಟೆಂಟ್ ಹಾಕಿ ಉಪವಾಸ ಕೂತರು. 1981ರ ಜನವರಿಯಲ್ಲಿ ಸುಮಾರು 600 ಪೊಲೀಸರು ಬಂದು ಎತ್ತಿಹಾಕಿದರು. ಅಣೆಕಟ್ಟು ಆಯಿತು, ಅದನ್ನು ತಡೆಯಲು ಆಗಲಿಲ್ಲ. ಆದರೆ ನಾರ್ವೆ ಸರ್ಕಾರಕ್ಕೆ ಹೊರಗೆ ಮುಖ ತೋರಿಸಲು ನಾಚಿಕೆ ಆಯಿತು. ಬೇರೆ ದೇಶಗಳಿಗೆ ಮಾನವ ಹಕ್ಕಿನ ಪಾಠ ಹೇಳುತ್ತಿದ್ದ ದೇಶ ಅದು. ಸಮಿತಿ ಕೂತಿತು, 1987ರಲ್ಲಿ ಸಾಮಿ ಕಾಯ್ದೆ, 1989ರಲ್ಲಿ ಸಾಮಿ ಸಂಸತ್ತು. ಸ್ವೀಡನ್ 1993ರಲ್ಲಿ ತನ್ನದು ತೆರೆಯಿತು. ಫಿನ್ಲೆಂಡ್ 1996ರಲ್ಲಿ ಹಳೇ ಮಂಡಳಿ ಬಿಟ್ಟು ಸಂಸತ್ತು ಮಾಡಿತು. 39, 31, 21 ಅಂತ ಸದಸ್ಯರ ಸಂಖ್ಯೆ ಮಾತ್ರ ಬೇರೆ, ಅಚ್ಚು ಒಂದೇ.

ಇಲ್ಲಿಯವರೆಗೆ ಚೆನ್ನಾಗಿದೆ. ಮುಂದೆ ನೋಡಿ. 1990ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 169ನೇ ಒಪ್ಪಂದವನ್ನು ಅಂಗೀಕರಿಸಿದ ಮೊದಲ ದೇಶ ನಾರ್ವೆ. ನೇಪಾಳ ಒಪ್ಪಿಕೊಂಡಿದೆ ಅಂತ ನೀವು ಕೇಳಿದ್ದು ಇದನ್ನೇ. ಆದಿವಾಸಿಗಳ ಭೂಮಿ ಗುರುತಿಸಬೇಕು, ಅವರನ್ನು ಕೇಳಿ ಮುಂದುವರಿಯಬೇಕು ಅನ್ನುವ ಒಪ್ಪಂದ ಅದು. 2005ರ ಕಾಯ್ದೆಯಿಂದ ನಾರ್ವೆ ಫಿನ್‌ಮಾರ್ಕ್ ಪ್ರಾಂತ್ಯದ ಸುಮಾರು 95 ಪರ್ಸೆಂಟ್ ನೆಲವನ್ನು ಸರ್ಕಾರದ ಹೆಸರಿನಿಂದ ತೆಗೆದು ಸ್ಥಳೀಯ ಸಂಸ್ಥೆಯೊಂದಕ್ಕೆ ವರ್ಗ ಮಾಡಿತು. ಅದರ ಆಡಳಿತ ಮಂಡಳಿಯಲ್ಲಿ ಅರ್ಧ ಜನರನ್ನು ಸಾಮಿ ಸಂಸತ್ತು ನೇಮಿಸುತ್ತದೆ. ಸ್ವೀಡನ್, ಫಿನ್ಲೆಂಡ್ ಇವತ್ತಿಗೂ 169ಕ್ಕೆ ಸೇರಿಲ್ಲ. ಸಂಸತ್ತಿನ ಕಟ್ಟಡ ದಾಟಿತು, ಬಾವುಟ ದಾಟಿತು, ಭೂಮಿ ದಾಟಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಇದ್ದ ಹಾಗೆ ಇದು, ಮೇಲ್ಭಾಗದ ಗಂಗಾವತಿಗೆ ನೀರು ಬಂತು ಅಂದ ಮಾತ್ರಕ್ಕೆ ಕೊನೆ ಭಾಗದ ರೈತನ ಹೊಲಕ್ಕೆ ಬಂತು ಅಂತಲ್ಲ. ಮೂರೂ ದೇಶ ಸೇರಿ ಒಂದೇ ಸಾಮಿ ಒಪ್ಪಂದ ಮಾಡೋಣ ಅಂತ 2005ರಲ್ಲಿ ಕರಡು ಬಂತು, 2017ರಲ್ಲಿ ಮಾತುಕತೆ ಮುಗಿದ ಪಠ್ಯವೂ ಬಂತು, ಜಾರಿ ಮಾತ್ರ ಆಗಿಲ್ಲ. ನಾರ್ವೆ ಸ್ವರ್ಗ ಅಂತಲೂ ತಿಳಿಯಬೇಡಿ. ಫೋಸೆನ್‌ನಲ್ಲಿ ಸಾರಂಗದ ಹುಲ್ಲುಗಾವಲಿನ ಮೇಲೆ ಹಾಕಿದ ಗಾಳಿ ವಿದ್ಯುತ್ ಕಂಬಗಳ ಪರವಾನಗಿ ಅಸಿಂಧು ಅಂತ 2021ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಆ ಕಂಬಗಳು ತಿರುಗುತ್ತಲೇ ಇದ್ದವು.

ಲ್ಯಾಟಿನ್ ಅಮೆರಿಕದ್ದು ದೊಡ್ಡ ಕಥೆ, ಇಲ್ಲಿ ಸಣ್ಣದಾಗಿ ಹೇಳುತ್ತೇನೆ. 1940ರಲ್ಲಿ ಮೆಕ್ಸಿಕೊದ ಪಾತ್ಸ್‌ಕ್ವಾರೋದಲ್ಲಿ ಖಂಡದ ಹೆಚ್ಚಿನ ಸರ್ಕಾರಗಳು ಸೇರಿ ಆದಿವಾಸಿ ನೀತಿಯ ಸಮ್ಮೇಳನ ಮಾಡಿದವು. ಅಲ್ಲಿ ಬಂದ ನಿಲುವು ಎಲ್ಲರನ್ನೂ ಮುಖ್ಯವಾಹಿನಿಗೆ ತರೋಣ ಅನ್ನೋದು. ಅದು ಹಲವು ದಶಕ ಆ ದೇಶಗಳ ಇಲಾಖೆಗಳಲ್ಲಿ ಓಡಿತು. 1990ರ ದಶಕದಲ್ಲಿ ಗಾಳಿ ತಿರುಗಿತು. ಮೆಕ್ಸಿಕೊ, ಕೊಲಂಬಿಯಾ, ಬೊಲಿವಿಯಾ, ಪೆರು, ಈಕ್ವೆಡಾರ್ ಒಂದರ ಹಿಂದೆ ಒಂದು 169 ಒಪ್ಪಿದವು. ಐಎಲ್‌ಒ ಪಟ್ಟಿಯಲ್ಲಿ ಹೆಚ್ಚಿನ ದೇಶಗಳು ಆ ಖಂಡದವೇ. ಅವರಿಗೊಂದು ಅನುಕೂಲ ಇದೆ, ಹಲವು ದೇಶಗಳಿಗೆ ಸೇರಿ ಒಂದು ಕೋರ್ಟು. 2001ರಲ್ಲಿ ನಿಕರಾಗ್ವಾದ ಅವಾಸ್ ತಿಂಗ್ನಿ ಹಳ್ಳಿಯವರು ಸರ್ಕಾರ ತಮ್ಮ ಕಾಡನ್ನು ಮರದ ಕಂಪನಿಗೆ ಕೊಟ್ಟದ್ದರ ವಿರುದ್ಧ ಅಂತರ-ಅಮೆರಿಕ ಮಾನವ ಹಕ್ಕು ನ್ಯಾಯಾಲಯದಲ್ಲಿ ಗೆದ್ದರು. ಪಟ್ಟಾ ಇಲ್ಲದಿದ್ದರೂ ತಲೆತಲಾಂತರದಿಂದ ಅನುಭವಿಸಿದ ಜಮೀನು ಆ ಸಮುದಾಯದ ಆಸ್ತಿಯೇ ಅಂತ ಕೋರ್ಟು ಹೇಳಿತು. ಆಮೇಲೆ ಸುರಿನಾಮ್, ಈಕ್ವೆಡಾರ್ ಕೇಸುಗಳಲ್ಲೂ ಅದೇ ದಾರಿ. ನಮ್ಮ ದಕ್ಷಿಣ ಏಷ್ಯಾದಲ್ಲಿ ಅಂಥ ಕೋರ್ಟು ಇಲ್ಲ, ನಿಮ್ಮ ನೇಪಾಳದ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಪಕ್ಕದ ದೇಶ ಬೆದರುಬೊಂಬೆ ಆಗುವುದೂ ಉಂಟು. ಬೊಲಿವಿಯಾ 2009ರಲ್ಲಿ ತನ್ನನ್ನು ಬಹುರಾಷ್ಟ್ರೀಯ ದೇಶ ಅಂತ ಸಂವಿಧಾನದಲ್ಲಿ ಬರೆದುಕೊಂಡಿತು, ಅಂದರೆ ಒಂದೇ ದೇಶದೊಳಗೆ ಹಲವು ಜನಾಂಗಗಳಿಗೆ ಅವರವರ ಸ್ವಯಮಾಡಳಿತ. 2022ರಲ್ಲಿ ಚಿಲಿಯ ಹೊಸ ಕರಡಿನಲ್ಲೂ ಮಾಪುಚೆ ಮುಂತಾದ ಆದಿವಾಸಿಗಳಿಗಾಗಿ ಅದೇ ಮಾತು ಬಂತು. ವಿರೋಧಿಗಳು ಬೊಲಿವಿಯಾ ಕಡೆ ಬೆರಳು ತೋರಿಸಿದರು. ಸೆಪ್ಟೆಂಬರ್ 4ರ ಮತದಾನದಲ್ಲಿ ಸುಮಾರು 62 ಪರ್ಸೆಂಟ್ ಜನ ಕರಡನ್ನು ತಿರಸ್ಕರಿಸಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಭಯದ ಪಾಲು ಸಣ್ಣದಲ್ಲ.

ಇನ್ನೊಂದು ವಿಷಯ. ನೆರೆಹೊರೆ ಅಂದರೆ ಭೂಪಟದಲ್ಲಿ ಅಂಟಿಕೊಂಡಿರಬೇಕು ಅಂತಿಲ್ಲ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಹಕ್ಕಿನ ಘೋಷಣೆ ಮತಕ್ಕೆ ಬಂದಾಗ 144 ದೇಶ ಪರ, 11 ತಟಸ್ಥ, 4 ವಿರುದ್ಧ. ಆ ನಾಲ್ಕು ಯಾವುವು? ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ, ಅಮೆರಿಕ. ಎರಡು ಪೆಸಿಫಿಕ್ ಆ ತುದಿಯಲ್ಲಿ, ಎರಡು ಈ ತುದಿಯಲ್ಲಿ. ಆದರೆ ನಾಲ್ಕೂ ಬ್ರಿಟಿಷರು ನೆಲೆಸಿ ಕಟ್ಟಿದವು, ನಾಲ್ಕಕ್ಕೂ ಅದೇ ಕಾನೂನಿನ ಬೇರು, ನಾಲ್ಕಕ್ಕೂ ಗಣಿ ಮತ್ತು ಭೂಮಿಯ ಚಿಂತೆ. ಮನಸ್ಸು ಬದಲಾದದ್ದೂ ಸಾಲಾಗಿಯೇ. 2009ರಲ್ಲಿ ಆಸ್ಟ್ರೇಲಿಯಾ, 2010ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡ್, ನವೆಂಬರ್‌ನಲ್ಲಿ ಕೆನಡಾ, ಡಿಸೆಂಬರ್‌ನಲ್ಲಿ ಅಮೆರಿಕ. ಜೊತೆಯವರು ಹೋದ ಮೇಲೆ ಒಬ್ಬನೇ ನಿಲ್ಲುವುದು ಯಾರಿಗೂ ಕಷ್ಟ.

ಕೋರ್ಟುಗಳಿಗೂ ಇಂಥ ನೆಂಟಸ್ತಿಕೆ ಇದೆ. ಆದಿವಾಸಿಗಳ ಭೂಮಿ ಹಕ್ಕಿನ ಬಗ್ಗೆ 1973ರಲ್ಲಿ ಬಂದ ಕೆನಡಾದ ಕಾಲ್ಡರ್ ತೀರ್ಪನ್ನು ಆಸ್ಟ್ರೇಲಿಯಾದ ನ್ಯಾಯಾಧೀಶರು ಓದಿಕೊಂಡು 1992ರಲ್ಲಿ ಅಲ್ಲಿಯ ಮೂಲನಿವಾಸಿ ಎಡ್ಡಿ ಮಾಬೊ ಕೇಸಿನ ತೀರ್ಪು ಕೊಟ್ಟರು. ಬ್ರಿಟಿಷರು ಬರುವ ಮೊದಲು ಅದು ಯಾರದ್ದೂ ಅಲ್ಲದ ನೆಲ ಅನ್ನೋ ಇನ್ನೂರು ವರ್ಷದ ಸುಳ್ಳನ್ನು ಒಡೆದರು. ಪಾಪ, ಮಾಬೊ ತೀರ್ಪಿಗೆ ಕೆಲವು ತಿಂಗಳು ಮೊದಲೇ ತೀರಿಕೊಂಡಿದ್ದರು. ಕೆಲವೇ ವರ್ಷಕ್ಕೆ ಮಲೇಷ್ಯಾದ ಜೋಹೋರ್‌ನಲ್ಲಿ ಅಣೆಕಟ್ಟಿಗೆ ಕಾಡು ಕಳೆದುಕೊಂಡ ಒರಾಂಗ್ ಅಸ್ಲಿ ಜನರ ಕೇಸಿನಲ್ಲಿ ಆ ಎರಡೂ ತೀರ್ಪು ಕೆಲಸಕ್ಕೆ ಬಂದವು, ಅವರು ಗೆದ್ದರು. ನಮ್ಮ ಸುಪ್ರೀಂ ಕೋರ್ಟೂ 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದ ತೀರ್ಪಿನಲ್ಲಿ ವಿಶ್ವಸಂಸ್ಥೆಯ ಘೋಷಣೆ, ಐಎಲ್‌ಒ ಒಪ್ಪಂದಗಳನ್ನು ಉಲ್ಲೇಖ ಮಾಡಿದೆ. ಬಾಕ್ಸೈಟ್ ಗಣಿ ಬೇಕೋ ಬೇಡವೋ ಅಂತ ಡೋಂಗ್ರಿಯಾ ಕೋಂಧರ ಗ್ರಾಮಸಭೆಗಳೇ ಹೇಳಲಿ ಅಂತು. 12 ಗ್ರಾಮಸಭೆ ಕೂತವು, 12ಕ್ಕೆ 12 ಬೇಡ ಅಂದವು. ಸಂಡೂರಿನ ಗುಡ್ಡಗಳ ಅದಿರು ಲಾರಿಗಳನ್ನು ನೋಡಿ ಬೆಳೆದ ನಮ್ಮ ಕಡೆಯವರು ಈ ತೀರ್ಪನ್ನು ಒಮ್ಮೆ ಪೂರ್ತಿ ಓದಬೇಕು.

ಇನ್ನು ನೇಪಾಳ. ಅಲ್ಲಿ 2006ಕ್ಕೆ ಅಂತರ್ಯುದ್ಧ ಮುಗಿದು ಹೊಸ ಸಂವಿಧಾನ ಬರೆಯುವ ಹೊತ್ತು. ಆದಿವಾಸಿ ಜನಜಾತಿಗಳು ಅಲ್ಲಿಯ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, 59 ಸಮುದಾಯಗಳನ್ನು 2002ರ ಕಾನೂನಿನಲ್ಲೇ ಪಟ್ಟಿ ಮಾಡಿದ್ದರು. 2007ರ ಆಗಸ್ಟ್‌ನಲ್ಲಿ ಅವರ ಒಕ್ಕೂಟ ಸರ್ಕಾರದ ಜೊತೆ 20 ಅಂಶದ ಒಪ್ಪಂದ ಮಾಡಿಕೊಂಡಿತು, ಅದರಲ್ಲಿ 169 ಕೂಡ ಒಂದು. ಸೆಪ್ಟೆಂಬರ್‌ನಲ್ಲಿ ನೇಪಾಳ ಅಂಗೀಕರಿಸಿತು. ಅದನ್ನು ಯಾವ ನೆರೆಯವರೂ ಕಲಿಸಲಿಲ್ಲ, ಒಳಗಿನ ಬಲದಿಂದ ಆದದ್ದು. ಏಷ್ಯಾದಲ್ಲಿ ಇವತ್ತಿಗೂ ಅಂಗೀಕರಿಸಿದ್ದು ನೇಪಾಳ ಒಂದೇ.

ಭಾರತ ಯಾಕೆ ಇಲ್ಲ? ಭಾರತ 1957ರ ಹಳೇ ಒಪ್ಪಂದ, 107ನೇದನ್ನು, 1958ರಲ್ಲೇ ಅಂಗೀಕರಿಸಿದೆ. ಅದರ ಧಾಟಿ ಬುಡಕಟ್ಟಿನವರನ್ನು ನಿಧಾನಕ್ಕೆ ಉಳಿದವರಲ್ಲಿ ಬೆರೆಸುವುದು. 2007ರ ಘೋಷಣೆಗೂ ಭಾರತ ಪರವಾಗಿಯೇ ಮತ ಹಾಕಿತು. ಆದರೆ ಸ್ವಾತಂತ್ರ್ಯ ಬಂದಾಗ ಇದ್ದ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಅನ್ನುವುದು ದೆಹಲಿಯ ನಿಲುವು. ಎಲ್ಲರೂ ಅದೇ ಅಂದ ಮೇಲೆ ಯಾರಿಗೂ ಪ್ರತ್ಯೇಕವಾಗಿ ಕೊಡುವುದು ಏನೂ ಉಳಿಯುವುದಿಲ್ಲ. ನನಗೆ ಇದು ಒಪ್ಪಿಗೆ ಇಲ್ಲ, ಆದರೆ ಇದರ ಹಿಂದೆ ಈಶಾನ್ಯ ರಾಜ್ಯಗಳ ಸ್ವಯಂನಿರ್ಣಯದ ಭಯ ಇದೆ ಅನ್ನೋದು ಅರ್ಥವಾಗುತ್ತದೆ. ಬಾಂಗ್ಲಾದೇಶ 107 ಒಪ್ಪಿದೆ, 2007ರಲ್ಲಿ ತಟಸ್ಥ ಉಳಿಯಿತು, 2011ರ ತಿದ್ದುಪಡಿಯಲ್ಲಿ ಆ ಜನರನ್ನು ಸಣ್ಣ ಜನಾಂಗಗಳು ಅಂತ ಕರೆಯಿತು. ಈ ವಿಷಯದಲ್ಲಿ ದೆಹಲಿ, ಢಾಕಾ ಒಂದೇ ದನಿ.

ಆ ಗಡಿಯಲ್ಲಿ ಪ್ರಭಾವ ಬರುವ ದಾರಿ ಬೇರೆ, ಅದು ನಿರಾಶ್ರಿತರ ದಾರಿ. ಪೂರ್ವ ಪಾಕಿಸ್ತಾನ 1960ರ ದಶಕದ ಶುರುವಿನಲ್ಲಿ ಕಪ್ತಾಯ್ ಅಣೆಕಟ್ಟು ಕಟ್ಟಿ ಚಿತ್ತಗಾಂಗ್ ಗುಡ್ಡಗಳ ಸುಮಾರು ಒಂದು ಲಕ್ಷ ಜನರ ನೆಲೆ ಮುಳುಗಿಸಿತು. ಅವರಲ್ಲಿ ಬಹುಪಾಲು ಚಕ್ಮಾಗಳು. ಸಾವಿರಾರು ಜನ ಭಾರತಕ್ಕೆ ಬಂದರು, ಈಗಿನ ಅರುಣಾಚಲದಲ್ಲಿ ನೆಲೆಸಿದರು. ಅವರ ಪೌರತ್ವದ ಜಗಳ ಅರುಣಾಚಲದ ರಾಜಕೀಯವನ್ನೇ ತಿರುಗಿಸಿತು, ಸುಪ್ರೀಂ ಕೋರ್ಟ್ 1996ರಲ್ಲೂ 2015ರಲ್ಲೂ ಅವರ ಪರ ಹೇಳಬೇಕಾಯಿತು. 1986ರಲ್ಲಿ ಇನ್ನೊಂದು ಅಲೆ ತ್ರಿಪುರಾಕ್ಕೆ ಬಂತು. ಅವರನ್ನು ವಾಪಸ್ ಕಳಿಸಬೇಕಾದರೆ ಅಲ್ಲಿ ಶಾಂತಿ ಬೇಕಲ್ಲ. 1997ರ ಡಿಸೆಂಬರ್ 2ರಂದು ಢಾಕಾದಲ್ಲಿ ಗುಡ್ಡಗಾಡಿನವರ ಜೊತೆ ಆದ ಒಪ್ಪಂದಕ್ಕೆ ಈ ಶಿಬಿರಗಳೂ ಒಂದು ಕಾರಣ. ಒಪ್ಪಂದದಲ್ಲಿ ಭೂಮಿ ಆಯೋಗ ಮಾಡುತ್ತೇವೆ ಅಂದರು, ಮಾಡಿದರು ಕೂಡ. ಭೂಮಿ ವಾಪಸ್ ಸಿಗುವುದು ಮಾತ್ರ ಹಾಗೇ ಉಳಿದಿದೆ.

ನೇಪಾಳ ಗಡಿಯಲ್ಲೂ ನಿಮ್ಮಂಥ ಮನೆಗಳಿವೆ. ಲಿಂಬು, ತಮಾಂಗ್ ಜನ ಎರಡೂ ಕಡೆ ಇದ್ದಾರೆ. ಸಿಕ್ಕಿಂ, ಪಶ್ಚಿಮ ಬಂಗಾಳದಲ್ಲಿ ಅವರಿಗೆ ಎಸ್‌ಟಿ ಸಿಕ್ಕಿದ್ದು 2003ರಲ್ಲಿ. ಥಾರು ಜನರಿಗೆ ಉತ್ತರ ಪ್ರದೇಶದಲ್ಲಿ 1967ರಲ್ಲೇ ಸಿಕ್ಕಿತ್ತು, ಪಕ್ಕದ ಬಿಹಾರದ ಥಾರುಗಳು 2003ರವರೆಗೆ ಕಾದರು. ಗುರುಂಗ್, ಮಂಗರ್, ರೈ ಮುಂತಾದವರು ನೇಪಾಳದ ಪಟ್ಟಿಯಲ್ಲಿ ಇದ್ದಾರೆ, ಡಾರ್ಜಿಲಿಂಗ್‌ನಲ್ಲಿ ಇನ್ನೂ ಕೇಳುತ್ತಿದ್ದಾರೆ.

ಪ್ರಬಂಧಕ್ಕೆ ಬಂದರೆ ಎರಡು ಎಚ್ಚರಿಕೆ. 2007ರ ಘೋಷಣೆ ಮತ್ತು ಐಎಲ್‌ಒ 169 ಒಂದೇ ಅಂತ ಬರೆಯಬೇಡಿ, ತುಂಬಾ ಹುಡುಗರು ಅಲ್ಲೇ ಎಡವುತ್ತಾರೆ. ಮೊದಲನೆಯದಕ್ಕೆ ಮತ ಹಾಕಿದರೆ ಕಾನೂನಿನ ಬಂಧನ ಇಲ್ಲ, ಎರಡನೆಯದನ್ನು ಅಂಗೀಕರಿಸಿದರೆ ಇದೆ, ಜಿನೀವಾಕ್ಕೆ ನಿಯಮಿತವಾಗಿ ವರದಿಯನ್ನೂ ಕೊಡಬೇಕು. 107 ಸತ್ತುಹೋಗಿದೆ ಅಂತಲೂ ಬರೆಯಬೇಡಿ. ಹೊಸದಾಗಿ ಯಾರೂ ಸೇರುವಂತಿಲ್ಲ, ಆದರೆ ಮೊದಲೇ ಸೇರಿದ ಭಾರತಕ್ಕೆ ಅದು ಇವತ್ತಿಗೂ ಅನ್ವಯ. ಆದೋನಿ, ಸಿರುಗುಪ್ಪದ ಉದಾಹರಣೆಯನ್ನು ಧಾರಾಳವಾಗಿ ಬಳಸಿ, 1953, 1991, 2017, 2023 ಈ ನಾಲ್ಕು ಇಸವಿ ನೆನಪಿಟ್ಟರೆ ಸಾಕು. ಆದರೆ ಅದು 342ನೇ ವಿಧಿಯ ಪಟ್ಟಿಯ ವಿಷಯ ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಪೇಪರ್ ನೋಡುವವರು ಅಂತರರಾಷ್ಟ್ರೀಯ ಕಾನೂನಿಗೆ ಇದನ್ನು ಸುಮ್ನೆ ತಳುಕು ಹಾಕಿದ್ದೀರಿ ಅಂದುಕೊಳ್ಳುತ್ತಾರೆ.